ಸ್ಪೈಡರ್ ಕಾಲು ಬಿಸಿಯೋ, ತಂಪೋ? ಗಾಳಿ ನಿಂತ ರಾತ್ರಿ ಚಿತ್ರ ಕೆಡುವ ಮನೆ ದುರ್ಬೀನು

ಕೋಟೆನಾಡು_ದುರ್ಬೀನು (ಚಿತ್ರದುರ್ಗ)

ನಮಸ್ಕಾರ. ನನ್ನದು 8 ಇಂಚಿನ ಎಫ್/6 ಡಾಬ್ (ಡಾಬ್ಸೋನಿಯನ್, ಕನ್ನಡಿಯ ದುರ್ಬೀನು). ಕನ್ನಡಿ ನಾನೇ ಉಜ್ಜಿದ್ದು, ಅಲ್ಯೂಮಿನಿಯಂ ಲೇಪ ಮಾತ್ರ ಹೊರಗಡೆ ಮಾಡಿಸಿದ್ದು. ಟ್ಯೂಬು ಪ್ಲೈವುಡ್‌ನ ಚೌಕ ಪೆಟ್ಟಿಗೆ. ಸೆಕೆಂಡರಿ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಸಣ್ಣ ಕನ್ನಡಿ) ಹಿಡಿಯುವ ಸ್ಪೈಡರ್‌ಗೆ ನಾಲ್ಕು ಕಾಲು. ಸ್ಟೇಷನರಿ ಅಂಗಡಿಯ ಸ್ಟೀಲ್ ಸ್ಕೇಲನ್ನೇ ಕತ್ತರಿಸಿ ಮಾಡಿದ್ದೇನೆ, 25 ಮಿ.ಮೀ. ಅಗಲ, 1 ಮಿ.ಮೀ. ದಪ್ಪ. ನಡುವಿನ ಹಬ್ 50 ಮಿ.ಮೀ. ವ್ಯಾಸದ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡಿನ ತುಂಡು, 60 ಮಿ.ಮೀ. ಉದ್ದ. ಎಲ್ಲಕ್ಕೂ ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡೆದಿದ್ದೇನೆ.

ತೊಂದರೆ ಏನೆಂದರೆ, ಈ ಚಳಿಗಾಲ ಗುರು ಮಿಥುನದಲ್ಲಿ ನೆತ್ತಿಯ ಹತ್ತಿರವೇ ಬರುತ್ತಿದ್ದರೂ, ಗಾಳಿ ಪೂರ್ತಿ ನಿಂತ ರಾತ್ರಿಗಳಲ್ಲಿ ಅದರ ಮೈಮೇಲಿನ ಪಟ್ಟಿಗಳು ಮಸುಕಾಗುತ್ತವೆ. ಸಣ್ಣಗೆ ಗಾಳಿ ಬೀಸಲು ಶುರುವಾದರೆ ಚಿತ್ರ ಸುಧಾರಿಸುತ್ತದೆ! ನಾನು ಓದಿಕೊಂಡಿದ್ದಕ್ಕೆ ಇದು ಉಲ್ಟಾ. ಲುಬ್ಧಕವನ್ನು ಫೋಕಸ್‌ನಿಂದ ಆಚೆ ತೆಗೆದು ನೋಡಿದರೆ ಅದು ಬೆಳಕಿನ ಬಿಲ್ಲೆಯಾಗಿ, ಅದರೊಳಗೆ ಸೆಕೆಂಡರಿ ಮತ್ತು ಕಾಲುಗಳ ನೆರಳು ಬೀಳುತ್ತದೆ. ಅಲ್ಲಿ ಎರಡು ವಿಷಯ ಕಾಣುತ್ತವೆ. ದುರ್ಬೀನನ್ನು ಮನೆಯಿಂದ ಹೊರಗೆ ತಂದ ಹೊಸತರಲ್ಲಿ ನಡುವಿನ ನೆರಳಿನಿಂದ ಒಂದು ಕಡೆಗೆ ಬಾಲ ಎದ್ದ ಹಾಗೆ ಇರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಆ ಬಾಲ ಹೋಗಿ, ಕಾಲುಗಳ ನೆರಳಿನ ಅಂಚಿಗೆ ಗರಿಯಂಥ ಬೆಳಕಿನ ಅಂಚು ಬರುತ್ತದೆ, ಅದೂ ಎರಡು ಬದಿಗೂ ಒಂದೇ ಥರ ಅಲ್ಲ.

ಕಾಲುಗಳು ಬಿಸಿ ಹಿಡಿದಿಟ್ಟುಕೊಳ್ಳುತ್ತವೆ, ತೆಗೆದು ತಂತಿ ಹಾಕು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಗೆ ಮಾಡಲೇ?

ಲೇತ್_ಮಾಸ್ತರ (ಹುಬ್ಬಳ್ಳಿ)

ತಂತಿ ಹಾಕೂದಕ್ಕಿಂತ ಮುಂಚೆ ಆ ಹಬ್ ನೋಡ್ರಿ ಸರ. 50 ವ್ಯಾಸ, 60 ಉದ್ದ, ಗಟ್ಟಿ ಎಂ.ಎಸ್. ಅಂದ್ರ 900 ಗ್ರಾಂ ದಾಟತೈತಿ. ಮನಿ ಒಳಗಿನ ಬಿಸಿ ಹೊತಗೊಂಡ ಬಂದಿರ್ತೈತಿ, ಬೆಳಕಿನ ದಾರಿ ನಟ್ಟನಡು ಕುಂತಿರ್ತೈತಿ. ಕಾಲು 1 ಮಿ.ಮೀ. ಪಟ್ಟಿ, ಅದರಾಗ ಬಿಸಿ ಎಲ್ಲಿ ನಿಲ್ಲಬೇಕ್ರಿ?

ಭೌತ_ಮೇಷ್ಟ್ರು (ಮೈಸೂರು)

ಮಾಸ್ತರರು ಹೇಳಿದ್ದು ಸರಿ, ಅದಕ್ಕೆ ಲೆಕ್ಕವನ್ನೂ ಕೊಡುತ್ತೇನೆ. ಕೋಟೆನಾಡು ಅವರು ವಿವರವಾಗಿ ಬರೆದದ್ದು ತುಂಬ ಉಪಯೋಗಕ್ಕೆ ಬಂತು. ಸಂಜೆ ಒಂದು ಲಕ್ಷಣ, ನಡುರಾತ್ರಿಯ ಮೇಲೆ ಇನ್ನೊಂದು ಅಂದಿರಲ್ಲ, ಅಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ.

ಒಂದು ವಸ್ತು ಸುತ್ತಲಿನ ಗಾಳಿಯ ಮಟ್ಟಕ್ಕೆ ಇಳಿಯಲು ಹಿಡಿಯುವ ಹೊತ್ತು ಎರಡರ ಮೇಲೆ ನಿಂತಿದೆ: ಎಷ್ಟು ಶಾಖ ತುಂಬಿಕೊಂಡಿದೆ, ಎಷ್ಟು ಮೈಯಿಂದ ಅದನ್ನು ಬಿಡುತ್ತದೆ. ನಿಂತ ಗಾಳಿಯಲ್ಲಿ ಗಾಳಿಯೂ ವಿಕಿರಣವೂ ಸೇರಿ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 10 ವ್ಯಾಟ್ ಸಾಗಿಸುತ್ತವೆ ಎಂದಿಟ್ಟುಕೊಳ್ಳಿ. 1 ಮಿ.ಮೀ. ಸ್ಟೀಲ್ ಪಟ್ಟಿಗೆ ಎರಡು ಮೈ. ಲೆಕ್ಕ ಹಾಕಿದರೆ ಸುಮಾರು 3 ನಿಮಿಷಕ್ಕೆ ಅದರ ಹೆಚ್ಚಿನ ಬಿಸಿಯ ಮೂರರಲ್ಲಿ ಎರಡು ಪಾಲು ಹೋಗಿರುತ್ತದೆ. ನಿಮ್ಮ ಹಬ್‌ಗೆ ಅದೇ ಲೆಕ್ಕ ಹಾಕಿದರೆ ಒಂದು ಗಂಟೆ ದಾಟುತ್ತದೆ. ಮನೆಯಲ್ಲಿ 26 ಡಿಗ್ರಿ, ಹೊರಗೆ 18 ಇದ್ದರೆ ಒಂದು ಗಂಟೆಯ ಮೇಲೂ ಹಬ್ ಗಾಳಿಗಿಂತ 3 ಡಿಗ್ರಿ ಬಿಸಿ. ಸಂಜೆಯ ಬಾಲ ಅಲ್ಲಿಂದಲೇ ಏಳುತ್ತಿದೆ.

ಖಚಿತ ಮಾಡಿಕೊಳ್ಳಲು ಫೋಕಸ್ ತಪ್ಪಿಸಿದ ನಕ್ಷತ್ರ ನೋಡುತ್ತಲೇ ಟ್ಯೂಬಿನ ಬಾಯಿಯ ಮುಂದೆ, ಕೆಳ ಅಂಚಿಗೆ ನಿಮ್ಮ ಅಂಗೈ ಹಿಡಿಯಿರಿ. ಕೈಯಿಂದ ಏಳುವ ಬಿಸಿಗಾಳಿ ಬಿಲ್ಲೆಯ ಮೇಲೆ ಯಾವ ಕಡೆಗೆ ಹರಿಯುತ್ತದೋ ಅದೇ ನಿಮ್ಮ ಐಪೀಸಿನಲ್ಲಿ "ಮೇಲೆ". ಫೋಕಸರನ್ನು ಒಳಗೆ ತಿರುಗಿಸಿದರೆ ಒಂದು ಥರ, ಹೊರಗೆ ತಿರುಗಿಸಿದರೆ ತಲೆಕೆಳಗು, ಆದ್ದರಿಂದ ಈ ಗುರುತು ಮೊದಲು ಬೇಕು. ಹಬ್‌ನ ಬಾಲವೂ ಅದೇ ದಿಕ್ಕಿಗಿದ್ದರೆ ಬಿಸಿಗಾಳಿ ಏಳುತ್ತಿದೆ ಎಂದರ್ಥ.

ನಡುರಾತ್ರಿಯ ಗರಿಗೆ ಕಾರಣ ಬಿಸಿಯಲ್ಲ, ತಂಪು. ಆ ಹೊತ್ತಿಗೆ ಕಾಲುಗಳು ಗಾಳಿಗಿಂತ ತಣ್ಣಗಿವೆ.

ಹೊಸ_ಐಪೀಸ್ (ತುಮಕೂರು)

ಮೇಷ್ಟ್ರೇ, ಇದು ನನಗೆ ಅರ್ಥವಾಗಲಿಲ್ಲ. ಸುತ್ತ ಇರೋ ಗಾಳಿ 16 ಡಿಗ್ರಿ ಇದ್ದರೆ ಲೋಹ 16ಕ್ಕೆ ಬಂದು ನಿಲ್ಲಬೇಕಲ್ಲವಾ? ಅದಕ್ಕಿಂತ ಕೆಳಗೆ ಹೇಗೆ ಹೋಗುತ್ತೆ?

ಭೌತ_ಮೇಷ್ಟ್ರು (ಮೈಸೂರು)

ಒಳ್ಳೆಯ ಪ್ರಶ್ನೆ. ಮಾರ್ಗಶಿರ, ಪುಷ್ಯದ ಬೆಳಗ್ಗೆ ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಸೀಟು ಒದ್ದೆ, ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ. ಗಾಳಿ ಎರಡೂ ಕಡೆ ಒಂದೇ. ಬಯಲಿಗೆ ಬಿಟ್ಟ ಸೀಟು ಗಾಳಿಗಿಂತ ತಣ್ಣಗಾಗಿ ಇಬ್ಬನಿಯ ಬಿಂದುವಿಗೆ (ಇಬ್ಬನಿ ಕಟ್ಟತೊಡಗುವ ಉಷ್ಣಾಂಶಕ್ಕೆ) ಇಳಿದಿದೆ, ಮರದ ಕೆಳಗಿನದು ಇಳಿದಿಲ್ಲ. ವ್ಯತ್ಯಾಸ ಇರುವುದು ತಲೆಯ ಮೇಲೆ ಏನಿದೆ ಎನ್ನುವುದರಲ್ಲಿ.

ಪ್ರತಿಯೊಂದು ವಸ್ತುವೂ ಇನ್‌ಫ್ರಾರೆಡ್‌ನಲ್ಲಿ ಶಾಖ ಸೂಸುತ್ತಲೇ ಇರುತ್ತದೆ, ಸುತ್ತಲಿನದು ವಾಪಸು ಸೂಸುತ್ತದೆ. ಮರ, ಗೋಡೆ, ನೆಲ ಗಾಳಿಯಷ್ಟೇ ಬೆಚ್ಚಗಿರುವುದರಿಂದ ಕೊಟ್ಟಷ್ಟು ಬರುತ್ತದೆ. ಮೋಡವಿಲ್ಲದ ಒಣ ಆಕಾಶ ಮಾತ್ರ ತುಂಬ ಕಡಿಮೆ ವಾಪಸು ಕೊಡುತ್ತದೆ. ಆಕಾಶಕ್ಕೆ ಮುಖಮಾಡಿ ಮಲಗಿಸಿದ ಕಪ್ಪು ತಟ್ಟೆ ಅಂಥ ರಾತ್ರಿ ಚದರ ಮೀಟರಿಗೆ 100 ವ್ಯಾಟ್ ಹತ್ತಿರ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ತುಂಬಿಕೊಡಬೇಕಾದ್ದು ಸುತ್ತಲಿನ ಗಾಳಿ. ಗಾಳಿ ಬೀಸುತ್ತಿದ್ದರೆ ಬೇಗ ತುಂಬುತ್ತದೆ. ನಿಂತುಬಿಟ್ಟರೆ ತುಂಬಲಾಗದೆ ವಸ್ತು ತಣ್ಣಗಾಗುತ್ತ ಹೋಗಿ, ಒಂದೆರಡು ಅಥವಾ ಮೂರು ಡಿಗ್ರಿ ಕೆಳಗೆ ಹೋಗಿ ನೆಲೆಗೊಳ್ಳುತ್ತದೆ. ಸಣ್ಣ ಗಾಳಿಗೆ ಕೋಟೆನಾಡು ಅವರ ಚಿತ್ರ ಸುಧಾರಿಸುವುದು ಇದಕ್ಕೇ.

ಇನ್ನು ಕಾಲಿನ ಮೈಗೆ ತಾಗಿದ ಗಾಳಿ. ಅದು 1 ಡಿಗ್ರಿ ತಣ್ಣಗಾದರೆ ವಕ್ರೀಭವನ ಸೂಚ್ಯಂಕ (ಗಾಳಿ ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಏರುತ್ತದೆ. ಬೆಳಕು ಕಾಲಿನ ಅಗಲದುದ್ದಕ್ಕೂ, ಅಂದರೆ ನಿಮ್ಮಲ್ಲಿ 25 ಮಿ.ಮೀ., ಆ ಗಾಳಿಯೊಳಗೆ ಸಾಗುತ್ತದೆ. 1 ಡಿಗ್ರಿಗೆ 25 ನ್ಯಾನೋಮೀಟರ್ ಹಿಂದೆ ಬೀಳುತ್ತದೆ. 3 ಡಿಗ್ರಿಗೆ 75. ಹಸಿರು ಬೆಳಕಿನ ಅಲೆ 550 ನ್ಯಾನೋಮೀಟರ್, ಅದರ ಏಳನೇ ಒಂದು ಭಾಗ. ತಣ್ಣನೆ ಪದರ ಒಂದೊಂದು ಬದಿಗೂ ಸೆಂಟಿಮೀಟರ್ ಮಟ್ಟಿಗೆ ಹರಡಿರುತ್ತದೆ, ಕಾಲಿನಿಂದ ದೂರ ಹೋದಂತೆ ಬೇಗ ತೆಳುವಾಗುತ್ತದೆ. ನಾಲ್ಕು ಕಾಲು, ಎಂಟು ಬದಿ. 8 ಇಂಚಿನ ಬಾಯಿಯಲ್ಲಿ ಐದನೇ ಒಂದು ಭಾಗಕ್ಕೆ ಈ ಪದರ ಆವರಿಸುತ್ತದೆ.

ಇಲ್ಲಿ ಒಂದು ವಿಷಯ ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ನಕ್ಷತ್ರದ ಸುತ್ತ ಕಾಣುವ ಮುಳ್ಳುಗಳ ಹೊಳಪು ಕಾಲಿನ ದಪ್ಪಕ್ಕೆ ಸಂಬಂಧಿಸಿದ್ದು. ಗಾಳಿಯ ತೊಂದರೆ ಕಾಲಿನ ಅಗಲಕ್ಕೆ ಸಂಬಂಧಿಸಿದ್ದು. ದಪ್ಪ ಅರ್ಧ ಮಾಡಿದರೆ ಮುಳ್ಳು ಮಂಕಾಗುತ್ತದೆ, ಗರಿ ಹಾಗೇ ಉಳಿಯುತ್ತದೆ.

ಟ್ರಸ್_12 (ಬೆಂಗಳೂರು)

ಮೇಷ್ಟ್ರ ಲೆಕ್ಕ ಒಪ್ಪುತ್ತೇನೆ. ಆದರೆ ಅದೇ ಲೆಕ್ಕ ನೋಡಿದರೆ ಕಾಲುಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ ಅನ್ನಿಸುತ್ತದೆ. 75 ನ್ಯಾನೋಮೀಟರ್ ಬರುವುದು ಕಾಲಿನ ಮೈಗಂಟಿದ ಜಾಗದಲ್ಲಿ, ಒಂದು ಸೆಂಟಿಮೀಟರ್ ಆಚೆಗೆ ಏನೂ ಉಳಿಯಲ್ಲ. ಅದೇ ಟ್ಯೂಬಿನ ತಳದ ದೊಡ್ಡ ಕನ್ನಡಿ, ಪ್ರೈಮರಿ? ಗಾಜು ಶಾಖ ಬಿಡುವುದು ನಿಧಾನ, ಹೊರಗಿನ ಉಷ್ಣಾಂಶ ರಾತ್ರಿಯಿಡೀ ಇಳಿಯುತ್ತಲೇ ಇರುತ್ತೆ, ಹಾಗಾಗಿ ಕನ್ನಡಿ ಯಾವಾಗಲೂ ಗಾಳಿಗಿಂತ ಒಂದೆರಡು ಡಿಗ್ರಿ ಹಿಂದೆ. ಅದರ ಮೇಲಿನ ಬೆಚ್ಚನೆ ಪದರ ಇಡೀ ಕನ್ನಡಿಯನ್ನು ಮುಚ್ಚುತ್ತೆ, ಕಾಲಿನ ಥರ ಐದನೇ ಒಂದು ಭಾಗವನ್ನಲ್ಲ. ಬೆಳಕು ಅದರೊಳಗೆ ಎರಡು ಸಲ ಹೋಗುತ್ತೆ, ಇಳಿಯುವಾಗ ಒಮ್ಮೆ, ಪ್ರತಿಫಲಿಸಿ ಏರುವಾಗ ಒಮ್ಮೆ. ಕಾಲುಗಳ ಪಕ್ಕದಲ್ಲಿ ಒಂದೇ ಸಲ. ಮೇಲಾಗಿ ಆ ಪದರ ಕುದಿಯುತ್ತಾ ಇರುತ್ತೆ.

ಮೊದಲು ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಕನ್ನಡಿಯ ಹಿಂದೆ ರಬ್ಬರ್ ಬ್ಯಾಂಡಲ್ಲಿ ತೂಗಿಹಾಕಿ. ಗುರುವಿನ ಪಟ್ಟಿ ಮಸುಕಾಗಿರೋದು ಅದರಿಂದಲೇ ಸರಿಹೋಗುತ್ತೆ ಅಂತ ನನ್ನ ನಂಬಿಕೆ.

ಮಲ್ಪೆ_ಬಾನಂಗಳ (ಉಡುಪಿ)

ನಮ್ಮ ಕರಾವಳಿಯಲ್ಲಿ ಕಥೆ ಬೇರೆಯೇ ಉಂಟು. ಜನವರಿಯಲ್ಲೂ ರಾತ್ರಿ 22 ಡಿಗ್ರಿ, ತೇವಾಂಶ 88 ಶೇಕಡಾ. ಇಬ್ಬನಿಯ ಬಿಂದು 20 ಆಸುಪಾಸು. ಎಂದರೆ ಎರಡು ಡಿಗ್ರಿ ಕೆಳಗಿಳಿದರೆ ಸಾಕು, ನೀರು ಕೂತಾಯಿತು. ಸ್ಪೈಡರ್ ಕಾಲು ಮುಟ್ಟಿದರೆ ಕೈ ಒದ್ದೆ, ಸೆಕೆಂಡರಿಯ ಬೆನ್ನು ಒದ್ದೆ, ಇನ್ನು ಸ್ವಲ್ಪ ಹೊತ್ತಿಗೆ ಸೆಕೆಂಡರಿಯ ಮುಖವೂ ಮಬ್ಬು. ಅಲ್ಲಿಗೆ ಆ ರಾತ್ರಿಯ ಕೆಲಸ ಮುಗಿಯಿತು.

ಹಾಗಾಗಿ ನಾವು ಸೆಕೆಂಡರಿಯ ಬೆನ್ನಿಗೆ ರೆಸಿಸ್ಟರ್ ಅಂಟಿಸಿ ಬಿಸಿ ಕೊಡುವುದು. ಒಂದು ವ್ಯಾಟ್ ಒಳಗೇ ಸಾಕಾಗ್ತದೆ. ಹೆಚ್ಚು ಕೊಟ್ಟರೆ ಚಿತ್ರ ಕುದಿಯಲಿಕ್ಕೆ ಶುರು, ಮೇಷ್ಟ್ರು ಹೇಳಿದ ಹಬ್‌ನ ಬಾಲ ನಾವೇ ಮಾಡಿಕೊಂಡ ಹಾಗೆ. ವಯರನ್ನು ಕಾಲಿನ ಹಿಂದೆಯೇ, ಅಂಚಿನ ನೆರಳಿನಲ್ಲಿ ಕೂರುವ ಹಾಗೆ ಎಳೆಯಬೇಕು. ಅಡ್ಡಾದಿಡ್ಡಿ ಎಳೆದರೆ ಇನ್ನೊಂದು ಮುಳ್ಳು ಬರ್ತದೆ.

ಘಟ್ಟದ ಮೇಲಿನವರಿಗೆ ಇಬ್ಬನಿಯ ಉಪದ್ರ ಇಲ್ಲವಲ್ಲ, ಅವರ ಕಾಲು ಅಷ್ಟು ತಣ್ಣಗಾಗುವುದು ಹೌದಾ?

ಭೌತ_ಮೇಷ್ಟ್ರು (ಮೈಸೂರು)

ಹೌದು, ನಿಮ್ಮಲ್ಲಿಗಿಂತ ಹೆಚ್ಚೇ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ನೀರಾವಿ ನೆಲದ ಕಡೆಗೆ ಇನ್‌ಫ್ರಾರೆಡ್ ಸೂಸುತ್ತದೆ, ಆದ್ದರಿಂದ ಕರಾವಳಿಯ ಆಕಾಶ ಬಯಲುಸೀಮೆಯದಕ್ಕಿಂತ ಬೆಚ್ಚಗೆ. ಶಾಖದ ನಷ್ಟ ಸರಿಸುಮಾರು ಅರ್ಧಕ್ಕೆ ಇಳಿಯಬಹುದು. ಇನ್ನೊಂದು, ಇಬ್ಬನಿ ಕಟ್ಟುವಾಗ ಆವಿ ತನ್ನ ಶಾಖವನ್ನು ಲೋಹಕ್ಕೇ ಕೊಡುತ್ತದೆ. ಹಾಗಾಗಿ ನಿಮ್ಮ ಕಾಲು ಇಬ್ಬನಿಯ ಬಿಂದುವಿನ ಹತ್ತಿರ ಬಂದು ತಡೆದು ನಿಲ್ಲುತ್ತದೆ.

ಚಿತ್ರದುರ್ಗದಲ್ಲಿ 17 ಡಿಗ್ರಿ, 60 ಶೇಕಡಾ ತೇವಾಂಶ ಎಂದಿಟ್ಟುಕೊಂಡರೆ ಇಬ್ಬನಿಯ ಬಿಂದು 9ರ ಹತ್ತಿರ. ಕಾಲು 3 ಡಿಗ್ರಿ ಇಳಿದು 14ಕ್ಕೆ ಬಂದರೂ ಒಂದು ಹನಿ ನೀರು ಕೂರುವುದಿಲ್ಲ. ಮುಟ್ಟಿ ನೋಡಿದವರಿಗೆ ಒಣಗಿದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಬಯಲುಸೀಮೆಯಲ್ಲಿ ಈ ತೊಂದರೆ ಕಣ್ಣಿಗೆ ಬೀಳದೆ ಉಳಿಯುವುದು ಹೀಗೆ.

ಟ್ರಸ್_12 ಅವರ ಮಾತಿಗೆ: ಗುರುವಿನ ವಿಷಯದಲ್ಲಿ ಪ್ರೈಮರಿಯೇ ದೊಡ್ಡದು, ನನ್ನ ತಕರಾರಿಲ್ಲ. ಆದರೆ ಕಾಲುಗಳದ್ದು ಅಲಕ್ಷ್ಯ ಮಾಡುವಷ್ಟು ಸಣ್ಣದೂ ಅಲ್ಲ. ಜೋಡಿ ನಕ್ಷತ್ರ ನೋಡುವವರು, ಹೊಳೆಯುವ ತಾರೆಯ ಪಕ್ಕದ ಮಂಕು ಸಂಗಾತಿಯನ್ನು ಹುಡುಕುವವರು ಮೊದಲು ಸೋಲುವುದು ಇಂಥ ಕಡೆಯೇ. ಬೆಳಕು ಕೇಂದ್ರದಿಂದ ಚೂರು ಆಚೆಗೆ ಚೆಲ್ಲಿದರೆ ಸಂಗಾತಿ ಮುಳುಗಿಹೋಗುತ್ತದೆ.

ಟೂಸಾನ್_ಕನ್ನಡಿಗ (ಅರಿಝೋನಾ)

ಮೇಷ್ಟ್ರು ಹೇಳಿದ್ದಕ್ಕೆ ತುಂಬ ದೊಡ್ಡ ಸಾಕ್ಷಿ ಇದೆ. ಇಲ್ಲಿನ ಮರುಭೂಮಿಯಲ್ಲಿ ನನ್ನ 10 ಇಂಚಿನದರಲ್ಲಿ ಇದೇ ಗರಿ ನೋಡಿ ಹುಡುಕುತ್ತಾ ಹೋದಾಗ ತಿಳಿದದ್ದು.

ಚಿಲಿಯ ಪರನಾಲ್‌ನಲ್ಲಿ ಯುರೋಪಿನವರ ವಿಎಲ್‌ಟಿ ದೂರದರ್ಶಕಗಳಿವೆ, 8.2 ಮೀಟರಿನ ನಾಲ್ಕು. ಅದರ ಮೂರನೆಯದಕ್ಕೆ 2014ರಲ್ಲಿ ಸ್ಫಿಯರ್ ಎಂಬ ಉಪಕರಣ ಜೋಡಿಸಿದರು, ಬೇರೆ ನಕ್ಷತ್ರಗಳ ಗ್ರಹಗಳನ್ನು ನೇರವಾಗಿ ಚಿತ್ರ ತೆಗೆಯಲು. ವಾತಾವರಣದ ಅಲುಗಾಟವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ವ್ಯವಸ್ಥೆ ಅದರಲ್ಲಿದೆ. ಆದರೆ ರಾತ್ರಿ ಅತ್ಯುತ್ತಮವಾಗಿದ್ದಾಗ, ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ಇದ್ದಾಗ, ನಕ್ಷತ್ರದ ಬಿಂಬ ಒಡೆದು ಪಕ್ಕದಲ್ಲಿ ಕಿವಿಗಳು ಮೂಡತೊಡಗಿದವು. ಅಲ್ಲಿನವರು ಅದಕ್ಕೆ ಮಿಕ್ಕಿ ಮೌಸ್ ಎಂದೇ ಹೆಸರಿಟ್ಟಿದ್ದರು. ಆಮೇಲೆ "ಲೋ ವಿಂಡ್ ಎಫೆಕ್ಟ್" ಎಂಬ ಹೆಸರು ನಿಂತಿತು.

ಕಾರಣ ಸೆಕೆಂಡರಿಯ ಸ್ಪೈಡರ್ ಕಾಲುಗಳು. ಆಕಾಶಕ್ಕೆ ಶಾಖ ಸೂಸಿ ಅವು ಗಾಳಿಗಿಂತ 2-3 ಡಿಗ್ರಿ ತಣ್ಣಗಾಗಿದ್ದವು. ನಮ್ಮ ಒಂದು ಇಂಚಿನ ಪಟ್ಟಿಗಳಿಗೆ ಹೋಲಿಸಿದರೆ ಅಲ್ಲಿನ ಕಾಲುಗಳು ತುಂಬ ಅಗಲ, ಹಾಗಾಗಿ ಅಲೆ ಹಿಂದೆ ಬೀಳುವುದೂ ನೂರಾರು ನ್ಯಾನೋಮೀಟರ್. ಕಾಲಿನ ಒಂದು ಬದಿಯ ಅಲೆಗೂ ಇನ್ನೊಂದು ಬದಿಯದಕ್ಕೂ ನಡುವೆ ಮೆಟ್ಟಿಲು ಬೀಳುತ್ತಿತ್ತು. ಸರಿಪಡಿಸುವ ವ್ಯವಸ್ಥೆಯ ಸಂವೇದಕ ಅಳೆಯುವುದು ಅಲೆಯ ಇಳಿಜಾರನ್ನು. ಕಾಲಿನ ನೆರಳಿನ ಹಿಂದೆ ಅಡಗಿದ ಮೆಟ್ಟಿಲು ಅದಕ್ಕೆ ಕಾಣುವುದೇ ಇಲ್ಲ, ಆದ್ದರಿಂದ ಸರಿಪಡಿಸುವುದೂ ಇಲ್ಲ.

ಪರಿಹಾರ 2017ರ ಕೊನೆಗೆ ಬಂತು. ಕಾಲುಗಳಿಗೆ ಇನ್‌ಫ್ರಾರೆಡ್‌ನಲ್ಲಿ ತುಂಬ ಕಡಿಮೆ ಸೂಸುವ ಹಾಳೆ ಹೊದಿಸಿದರು. ಮುಂಚೆ ಐದರಲ್ಲಿ ಒಂದು ಪಾಲು ಸಮಯ ಕಾಡುತ್ತಿದ್ದ ತೊಂದರೆ ನೂರಕ್ಕೆ ಮೂರ್ನಾಲ್ಕಕ್ಕೆ ಇಳಿಯಿತು. ಗಮನಿಸಿ, ಕಾಲುಗಳನ್ನು ಬದಲಾಯಿಸಲಿಲ್ಲ, ಬಿಸಿ ಮಾಡಲಿಲ್ಲ. ಮೈಯ ಗುಣ ಮಾತ್ರ ಬದಲಾಯಿಸಿದರು.

ಹೊಸ_ಐಪೀಸ್ (ತುಮಕೂರು)

ಹಾಗಾದರೆ ಕಪ್ಪು ಪೇಂಟಿನ ಬದಲು ಬಿಳಿ ಬಳಿದರೆ ಆಯ್ತಲ್ಲ?

ಟೂಸಾನ್_ಕನ್ನಡಿಗ (ಅರಿಝೋನಾ)

ಇಲ್ಲ. ಕಣ್ಣಿಗೆ ಬಿಳಿಯಾದ ಪೇಂಟು 10 ಮೈಕ್ರಾನಿನ ಇನ್‌ಫ್ರಾರೆಡ್‌ನಲ್ಲಿ ಕಪ್ಪೇ. ಬಿಳಿ, ಕಪ್ಪು, ಕೆಂಪು ಯಾವ ಪೇಂಟಾದರೂ ಎಮಿಸಿವಿಟಿ (ಶಾಖ ಸೂಸುವ ಸಾಮರ್ಥ್ಯ, ಹೆಚ್ಚೆಂದರೆ 1) 0.9 ಹತ್ತಿರ. ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಕೂಡ ಹೆಚ್ಚುಕಡಿಮೆ ಹಾಗೇ. ಹೊಳೆಯುವ ಬರಿ ಲೋಹ ಮಾತ್ರ ಬೇರೆ: ಅಲ್ಯೂಮಿನಿಯಂ ಫಾಯಿಲ್ 0.05ರ ಆಸುಪಾಸು. ಅಂದರೆ ಪೇಂಟಿನ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ ಶಾಖ ಕಳೆದುಕೊಳ್ಳುತ್ತದೆ.

ಲೇತ್_ಮಾಸ್ತರ (ಹುಬ್ಬಳ್ಳಿ)

ಅಂದ್ರ ಆ ಸ್ಟೀಲ್ ಸ್ಕೇಲಿಗೆ ಪೇಂಟ್ ಹೊಡೀದ ಹಂಗ ಬಿಟ್ಟಿದ್ರ ಛಲೋ ಇತ್ತು ಅಂದಂಗಾತು. ಕೋಟೆನಾಡು ಸರ, ಎಸಿ ಡಕ್ಟಿಗೆ ಹಚ್ಚೂ ಅಲ್ಯೂಮಿನಿಯಂ ಟೇಪ್ ಹಾರ್ಡ್‌ವೇರ್ ಅಂಗಡ್ಯಾಗ ಸಿಗತೈತಿ. ಎದುರುಬದುರು ಎರಡು ಕಾಲಿಗೆ ಅದನ್ನ ಹಚ್ಚರಿ, ಉಳಿದ ಎರಡು ಹಂಗ ಬಿಡ್ರಿ. ಒಂದ ರಾತ್ರಿ, ಒಂದ ನಕ್ಷತ್ರ, ಎರಡೂ ಒಮ್ಮೆಗೇ ಕಾಣತಾವ. ಯಾರ ಲೆಕ್ಕ ಖರೆ ಅಂತ ಅಲ್ಲೇ ತಿಳೀತೈತಿ.

ಕೋಟೆನಾಡು_ದುರ್ಬೀನು (ಚಿತ್ರದುರ್ಗ)

ಮಾಡುತ್ತೇನೆ ಮಾಸ್ತರ್. ಹಬ್ ಕೂಡ ಬದಲಾಯಿಸುತ್ತೇನೆ. ಮನೆಯಲ್ಲಿ ಇಂಡಸ್ಟ್ರಿಯಲ್ ಥರ್ಮಲ್ ಗನ್ ಇದೆ, ಅದರಿಂದ ಕಾಲುಗಳನ್ನು ಅಳೆಯಬಹುದಾ?

ಭೌತ_ಮೇಷ್ಟ್ರು (ಮೈಸೂರು)

ಪೇಂಟ್ ಹೊಡೆದ ಕಾಲನ್ನು ತೀರ ಹತ್ತಿರದಿಂದ ಅಳೆಯಬಹುದು. ಟೇಪ್ ಹಚ್ಚಿದ್ದನ್ನು ಖಂಡಿತ ಅಳೆಯಬೇಡಿ. ಗನ್ ನೋಡುವುದೇ ವಸ್ತು ಸೂಸುವ ಇನ್‌ಫ್ರಾರೆಡ್. ಹೊಳೆಯುವ ಟೇಪು ತಾನು ಸೂಸುವುದು ಕಡಿಮೆ, ಎದುರಿಗಿದ್ದದ್ದನ್ನು ಕನ್ನಡಿಯ ಹಾಗೆ ತೋರಿಸುತ್ತದೆ. ಆಕಾಶ ಅದರಲ್ಲಿ ಪ್ರತಿಫಲಿಸಿ ಗನ್ ಸೊನ್ನೆಗಿಂತ ಕೆಳಗಿನ ಸಂಖ್ಯೆ ತೋರಿಸಿದರೂ ಆಶ್ಚರ್ಯವಿಲ್ಲ. ಕಾಲು ಅಷ್ಟು ತಣ್ಣಗಾಗಿರುವುದಿಲ್ಲ. ಉಷ್ಣಾಂಶ ಅಳೆಯುವ, ಸಣ್ಣ ಮಣಿಯಂಥ ಥರ್ಮಿಸ್ಟರ್ ಸಿಕ್ಕರೆ ಅದನ್ನು ಟೇಪಿನ ಕೆಳಗೆ ಸಿಕ್ಕಿಸಿ.

ಮರೆಯಬೇಡಿ, ದುರ್ಬೀನನ್ನು ನೆತ್ತಿಗೂ ತಿರುಗಿಸಿ ನೋಡಿ, ದಿಗಂತದ ಕಡೆಗೂ ಬಾಗಿಸಿ ನೋಡಿ. ನೆತ್ತಿಗೆ ತಿರುಗಿಸಿದಾಗ ನಾಲ್ಕೂ ಕಾಲುಗಳ ಮೈ ಲಂಬವಾಗಿ ನಿಲ್ಲುತ್ತದೆ, ಎಲ್ಲಕ್ಕೂ ಸಮಾನ ಆಕಾಶ. ಕೆಳಕ್ಕೆ ಬಾಗಿಸಿದರೆ ಅಡ್ಡ ಮಲಗಿದ ಎರಡು ಕಾಲುಗಳ ಮೇಲ್ಮೈ ಆಕಾಶದ ಕಡೆಗೆ ತಿರುಗುತ್ತದೆ, ಕೆಳಮೈ ನೆಲದ ಕಡೆಗೆ. ನೀವು ಮೊದಲ ದಿನವೇ ಬರೆದಿದ್ದಿರಿ, ಗರಿ ಎರಡು ಬದಿಗೂ ಒಂದೇ ಥರ ಇಲ್ಲ ಅಂತ. ತಣ್ಣನೆ ಗಾಳಿ ಮೇಲ್ಮೈಯಲ್ಲಿ ಕೂತು, ಅಂಚು ದಾಟಿ ಕೆಳಕ್ಕೆ ಸುರಿಯುವುದರಿಂದ ಹಾಗೆ.

ಟ್ರಸ್_12 (ಬೆಂಗಳೂರು)

ಟ್ರಸ್ ದುರ್ಬೀನಿನವರಿಗೆ (ಟ್ಯೂಬಿನ ಬದಲು ಕಂಬಿಗಳ ಚೌಕಟ್ಟು ಇರೋದು) ಇದು ಇನ್ನೂ ಜಾಸ್ತಿ ಅನ್ವಯ ಆಗುತ್ತೆ. ನಮ್ಮ ಮೇಲಿನ ರಿಂಗ್ ಗಿಡ್ಡ, ಕಾಲುಗಳು ಬಯಲಿಗೇ ಬಿದ್ದಿರುತ್ತವೆ. ಕೋಟೆನಾಡು ಅವರ ಪೆಟ್ಟಿಗೆ ಟ್ಯೂಬಿನಲ್ಲಿ ಗೋಡೆಗಳೇ ಕಾಲುಗಳಿಗೆ ಆಕಾಶವನ್ನು ಸುಮಾರು ಮರೆ ಮಾಡುತ್ತವೆ. ಸ್ಪೈಡರ್ ಟ್ಯೂಬಿನ ಬಾಯಿಯಿಂದ ಎಷ್ಟು ಒಳಗಿದೆ?

ಕೋಟೆನಾಡು_ದುರ್ಬೀನು (ಚಿತ್ರದುರ್ಗ)

ಬಾಯಿಯ ಅಂಚಿಗೇ ಇದೆ, 5 ಸೆಂ.ಮೀ. ಒಳಗೆ ಅಷ್ಟೇ. ಪ್ಲೈವುಡ್ ಉಳಿಸಲು ಟ್ಯೂಬನ್ನು ಗಿಡ್ಡ ಮಾಡಿದ್ದೆ.

ಟ್ರಸ್_12 (ಬೆಂಗಳೂರು)

ಹಾಗಾದರೆ ಯೋಗ ಮ್ಯಾಟ್ ಕತ್ತರಿಸಿ ಮುಂದಕ್ಕೆ ಒಂದು ಅಡಿ ಮೂತಿ ಬೆಳೆಸಿ. ಕಾಲುಗಳಿಗೆ ಕಾಣುವ ಆಕಾಶ ಕಡಿಮೆ ಆಗುತ್ತೆ, ಸೆಕೆಂಡರಿಗೂ ರಕ್ಷಣೆ, ಪಕ್ಕದ ಬೀದಿದೀಪದ ಬೆಳಕಿಗೂ ತಡೆ. ಖರ್ಚು ಏನೂ ಇಲ್ಲ. ಆದರೆ ಇದನ್ನು ಟೇಪ್ ಪರೀಕ್ಷೆ ಮುಗಿದ ಮೇಲೆ ಮಾಡಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಕೋಟೆನಾಡು_ದುರ್ಬೀನು (ಚಿತ್ರದುರ್ಗ)

ಸಂಕ್ರಾಂತಿ ಕಳೆದ ಮೇಲೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಆಕಾಶ ಚೆನ್ನಾಗಿತ್ತು, ಗಾಳಿಯೂ ಪೂರ್ತಿ ನಿಂತಿತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಹಬ್: ಎಂ.ಎಸ್. ತುಂಡು ತೆಗೆದು ಪಿವಿಸಿ ಪೈಪನ್ನು 45 ಡಿಗ್ರಿಗೆ ಕೊಯ್ದು ಹಾಕಿದೆ, ಸೆಕೆಂಡರಿಯನ್ನು ಅದಕ್ಕೆ ಸಿಲಿಕೋನ್‌ನ ಮೂರು ಬೊಟ್ಟಿನಲ್ಲಿ ಅಂಟಿಸಿದೆ. ಸಂಜೆಯ ಬಾಲ ಮಾಯವಾಗಿದೆ. ಮುಂಚೆ ದುರ್ಬೀನು ಹೊರಗಿಟ್ಟು ಊಟ ಮುಗಿಸಿ ಬಂದರೂ ಇರುತ್ತಿತ್ತು. ಈಗ ಪ್ರೈಮರಿಯ ಕುದಿತ ಮಾತ್ರ ಕಾಣುತ್ತದೆ, ಅದಕ್ಕೆ ಫ್ಯಾನ್ ಹಾಕಿದ್ದೇನೆ. ಇಡೀ ಪ್ರಯೋಗದಲ್ಲಿ ಅತಿ ದೊಡ್ಡ ಬದಲಾವಣೆ ಅಂದರೆ ಈ ಎರಡು.

ಕಾಲು: ಎದುರುಬದುರು ಎರಡಕ್ಕೆ ಟೇಪ್. ನೆತ್ತಿಯ ಹತ್ತಿರ ನೋಡಿದಾಗ ನಾಲ್ಕು ನೆರಳುಗಳ ನಡುವೆ ವ್ಯತ್ಯಾಸ ಇದೆ ಎನ್ನಬಹುದು, ಆದರೆ ಹುಡುಕಿ ನೋಡಬೇಕು. ಅಗಸ್ತ್ಯ ನಕ್ಷತ್ರದ ಕಡೆಗೆ ತಿರುಗಿಸಿದಾಗ ಅನುಮಾನಕ್ಕೆ ಜಾಗವಿರಲಿಲ್ಲ. ಅದು ನಮ್ಮ ಊರಿಂದ ಅತಿ ಎತ್ತರಕ್ಕೆ ಬಂದಾಗಲೂ 23 ಡಿಗ್ರಿಯಷ್ಟೇ, ದುರ್ಬೀನು ಹೆಚ್ಚುಕಡಿಮೆ ಮಲಗಿರುತ್ತದೆ. ನನ್ನ ಕಾಲುಗಳು ಪೆಟ್ಟಿಗೆಯ ಮೂಲೆಯಿಂದ ಮೂಲೆಗೆ ಇರುವುದರಿಂದ ನಾಲ್ಕೂ ಒಂದೇ ಓರೆಯಲ್ಲಿ ನಿಲ್ಲುತ್ತವೆ, ಹೋಲಿಸಲು ಅದು ಅನುಕೂಲವಾಯಿತು. ಪೇಂಟಿನ ಕಾಲುಗಳ ಮೇಲ್ಬದಿಗೆ ಗರಿ ದಪ್ಪಗೆ ಇತ್ತು, ನಿಧಾನಕ್ಕೆ ಕೆಳಕ್ಕೆ ಸರಿಯುವುದೂ ಕಂಡಿತು. ಟೇಪಿನ ಕಾಲುಗಳ ಅಂಚು ಚಾಕುವಿನಲ್ಲಿ ಕೊಯ್ದಷ್ಟು ನೇರ. ಟೇಬಲ್ ಫ್ಯಾನ್ ತಂದು ದೂರದಿಂದ ಬಾಯಿಯ ಕಡೆಗೆ ಹಾಯಿಸಿದೆ. ಪೇಂಟಿನ ಕಾಲುಗಳ ಗರಿ ಅಲ್ಲಾಡಿ ಚದುರಿಹೋಯಿತು, ನಿಲ್ಲಿಸಿದ ಮೇಲೆ ಕೆಲವೇ ನಿಮಿಷದಲ್ಲಿ ಮತ್ತೆ ಬೆಳೆಯಿತು. ಮೇಷ್ಟ್ರು ಹೇಳಿದ 3 ನಿಮಿಷದ ಲೆಕ್ಕ ಅಲ್ಲಿ ಕಣ್ಣಿಗೇ ಕಂಡಿತು, ತುಂಬ ಸಂತೋಷವಾಯಿತು.

ಗುರು: ಟೇಪ್ ಹಚ್ಚಿದ್ದರಿಂದ ಪಟ್ಟಿಗಳು ಸುಧಾರಿಸಿದವು ಎಂದು ಧೈರ್ಯವಾಗಿ ಹೇಳಲಾರೆ. ಟ್ರಸ್_12 ಅವರ ಫ್ಯಾನೇ ಅಲ್ಲಿ ಕೆಲಸ ಮಾಡಿತು.

ಟ್ರಸ್_12 (ಬೆಂಗಳೂರು)

ತುಂಬ ಚೆನ್ನಾಗಿ ನೋಡಿದ್ದೀರಿ. ಆದರೂ ಒಂದು ಎಚ್ಚರ. ಹುಣ್ಣಿಮೆಯ ಹತ್ತಿರ ಈ ತಿಂಗಳು ಚಂದ್ರ ಗುರುವಿನ ಪಕ್ಕಕ್ಕೇ ಬರುತ್ತಾನೆ. ಆಗ ಓರೆಯಾಗಿ ಬರುವ ಚಂದ್ರನ ಬೆಳಕು ಹೊಳೆಯುವ ಟೇಪಿನ ಮೇಲೆ ಜಾರಿ ಒಳಗೆ ಬಂದು, ಹಿನ್ನೆಲೆ ಕಪ್ಪು ಹೋಗಿ ಬೂದಿಯಾಗುತ್ತೆ. ಕಾಲುಗಳಿಗೆ ಮಂಕು ಕಪ್ಪು ಬಳಿಯೋ ರೂಢಿ ಬಂದಿದ್ದೇ ಅದಕ್ಕೆ. ಒಂದು ತೊಂದರೆ ಬಿಡಿಸಲು ಹೋಗಿ ಇನ್ನೊಂದು ತಂದುಕೊಂಡ ಹಾಗಾಗುತ್ತೆ.

ಟೂಸಾನ್_ಕನ್ನಡಿಗ (ಅರಿಝೋನಾ)

ಬೇಕಾದದ್ದು ಕಣ್ಣಿಗೆ ಕಪ್ಪು, ಇನ್‌ಫ್ರಾರೆಡ್‌ಗೆ ಲೋಹ ಆಗಿರುವ ಮೈ. ವಿಎಲ್‌ಟಿ ಕಾಲುಗಳಿಗೆ ಹಚ್ಚಿದ್ದು ಅಂಥ ಹಾಳೆ. ಅದು ನಮ್ಮ ಕೈಗೆಟುಕುವ ಬೆಲೆಯದಲ್ಲ.

ಭೌತ_ಮೇಷ್ಟ್ರು (ಮೈಸೂರು)

ಕೈಗೆಟುಕುವುದೂ ಒಂದಿದೆ, ಅದೂ ಬೆಂಗಳೂರು, ಮೈಸೂರಿನ ಮಾಳಿಗೆಗಳ ಮೇಲೆ ಬೇಕಾದಷ್ಟು. ಸೋಲಾರ್ ವಾಟರ್ ಹೀಟರ್! ಹಳೆಯ ಕಾಲದ ಚಪ್ಪಟೆ ಪ್ಯಾನೆಲ್‌ಗಳಲ್ಲಿ ಗಾಜಿನ ಕೆಳಗೆ ತಾಮ್ರದ ತೆಳ್ಳನೆ ಹಾಳೆ ಇರುತ್ತದೆ, ಅದಕ್ಕೆ ಬ್ಲ್ಯಾಕ್ ಕ್ರೋಮ್ ಲೇಪ. ಆ ಲೇಪದ ಉದ್ದೇಶವೇ ಇದು: ಬಿಸಿಲನ್ನು ಪೂರ್ತಿ ಹೀರಬೇಕು, ಹೀರಿದ ಶಾಖವನ್ನು ಇನ್‌ಫ್ರಾರೆಡ್ ಆಗಿ ಹೊರಗೆ ಬಿಡಬಾರದು. ಬೆಳಕಿಗೆ 0.95ರಷ್ಟು ಕಪ್ಪು, ಎಮಿಸಿವಿಟಿ ಮಾತ್ರ 0.1ರ ಹತ್ತಿರ. ನೀರು ಕಾಯಿಸಲು ಮಾಡಿದ ಗುಣ ನಮ್ಮ ಕಾಲು ತಣ್ಣಗಾಗದಂತೆ ಕಾಯುತ್ತದೆ.

ಗುಜರಿಗೆ ಹಾಕಿದ ಪ್ಯಾನೆಲ್‌ನಿಂದ ಹಾಳೆ ಬಿಡಿಸಿ, 25 ಮಿ.ಮೀ. ಪಟ್ಟಿ ಕತ್ತರಿಸಿ, ಸ್ಕೇಲಿನ ಎರಡೂ ಮೈಗೆ ತೆಳ್ಳಗೆ ಎಪಾಕ್ಸಿಯಲ್ಲಿ ಅಂಟಿಸಬಹುದು. ಲೇಪವಿರುವ ಮೈ ಹೊರಗಿರಬೇಕು. ಅದನ್ನು ಉಜ್ಜಬೇಡಿ, ಮೇಲೆ ವಾರ್ನಿಶ್ ಬಳಿಯಬೇಡಿ. ವಾರ್ನಿಶ್ ಬಿದ್ದರೆ ಎಮಿಸಿವಿಟಿ ಪೇಂಟಿನ ಮಟ್ಟಕ್ಕೆ ಏರಿಬಿಡುತ್ತದೆ.

ಮಲ್ಪೆ_ಬಾನಂಗಳ (ಉಡುಪಿ)

ನೀರು ಕೂತರೆ? ನೀರಿನದ್ದು ಎಮಿಸಿವಿಟಿ ಜಾಸ್ತಿ ಅಲ್ಲವಾ?

ಭೌತ_ಮೇಷ್ಟ್ರು (ಮೈಸೂರು)

ಹೌದು, ನೀರಿನದು 0.95. ತೆಳ್ಳನೆ ಪದರ ಕಟ್ಟಿದರೂ ಟೇಪಿನ ಲಾಭ ಹೋದಂತೆಯೇ. ಆದರೆ ಹೊಳೆಯುವ ಮೈ ಇಬ್ಬನಿಯ ಬಿಂದುವಿಗೆ ಇಳಿಯುವುದೇ ತಡ, ಹಾಗಾಗಿ ನಿಮಗೆ ಒಂದಿಷ್ಟು ಹೊತ್ತು ಹೆಚ್ಚು ಸಿಗುತ್ತದೆ. ಕರಾವಳಿಯಲ್ಲಿ ಉದ್ದ ಮೂತಿ ಮತ್ತು ಸಣ್ಣ ಹೀಟರ್ ಎರಡೂ ಬೇಕೇ ಬೇಕು.

ಹೊಸ_ಐಪೀಸ್ (ತುಮಕೂರು)

ನಾನು ಈಗ 6 ಇಂಚಿನದು ಶುರು ಮಾಡುತ್ತಿದ್ದೇನೆ. ಸ್ಕೇಲೋ, ಹ್ಯಾಕ್ಸಾ ಬ್ಲೇಡೋ, ತಂತಿಯೋ?

ಲೇತ್_ಮಾಸ್ತರ (ಹುಬ್ಬಳ್ಳಿ)

6 ಇಂಚಿಗೆ ಹ್ಯಾಕ್ಸಾ ಬ್ಲೇಡ್ ಸಾಕ್ರಿ. 12 ಮಿ.ಮೀ. ಚಿಲ್ಲರೆ ಅಗಲ, ಸ್ಕೇಲಿನ ಅರ್ಧ, ಅಂದ್ರ ಮೇಷ್ಟ್ರ ಲೆಕ್ಕದಾಗ ಗಾಳಿ ತ್ರಾಸೂ ಅರ್ಧ. ದಪ್ಪಾನೂ ಕಡಿಮಿ. ಹಲ್ಲು ಗ್ರೈಂಡರಿನ್ಯಾಗ ತಗೀರಿ, ಪೇಂಟ್ ಸುಲೀರಿ, ಎರಡೂ ತುದಿಗೆ ತೂತು ಮೊದಲ ಇರ್ತೈತಿ. ಬಿಗಿಯಾಗಿ ಎಳದು ಕಟ್ಟಬೇಕು, ಸಡಿಲ ಬಿಟ್ರ ದುರ್ಬೀನು ತಿರಗಿಸಿದಾಗೆಲ್ಲ ಕೊಲಿಮೇಶನ್ (ಕನ್ನಡಿಗಳ ನೇರ ಜೋಡಣಿ) ತಪ್ಪತೈತಿ. ತಂತಿ ಮಾಡಾಕ ಬರತೈತಿ, ಆದ್ರ ಹಬ್ ತಿರಗದಂಗ ಹಿಡಿಯಾಕ ಜೋಡಿ ಜೋಡಿ ತಂತಿ ಓರೆಗೆ ಎಳೀಬೇಕು. ಮೊದಲನೇ ದುರ್ಬೀನಿಗೆ ಬ್ಯಾಡ.

ಹಬ್ ಪಿವಿಸಿ ಬ್ಯಾಡ ಅಂದ್ರ ಅಲ್ಯೂಮಿನಿಯಂ ಪೈಪ್ ತಗೊಂಡು ಗೋಡೆ 1.5 ಮಿ.ಮೀ. ಉಳಿಯೂವಂಗ ತಿರಗಿಸಿ ಕೊಡತೀನಿ, ಎರಡೂ ಬಾಯಿ ತೆರೆದು, ಒಳಗ ಗಾಳಿ ಆಡೂವಂಗ. ಸೆಕೆಂಡರಿಯ ಸಣ್ಣ ವ್ಯಾಸ ಎಷ್ಟು ಅಂತ ತಿಳಿಸ್ರಿ.

ಹೊಸ_ಐಪೀಸ್ (ತುಮಕೂರು)

35 ಮಿ.ಮೀ. ಮಾಸ್ತರ್. ಎಫ್/8 ಕನ್ನಡಿ.

ಲೇತ್_ಮಾಸ್ತರ (ಹುಬ್ಬಳ್ಳಿ)

ಹಂಗಾದ್ರ ಹೊರಗಿನ ವ್ಯಾಸ 32 ಇಡೋಣು, ಸೆಕೆಂಡರಿಯ ನೆರಳಿನಾಗ ಅಡಗತೈತಿ. ಡ್ರಾಯಿಂಗ್ ನಾಳೆ ಇಲ್ಲೇ ಹಾಕತೀನಿ, ಕೋಟೆನಾಡು ಸರಗೂ ಉಪಯೋಗ ಆಗತೈತಿ.